ಅರವತ್ತು ವರ್ಷ ಉರಿಯದ ಬಲ್ಬು: ಮಲ್ಲೇಶ್ವರದ ಒಂದು ಹಳೇ ಎಲೆಕ್ಟ್ರಿಕ್ ಒಲೆಯ ವೈರಿಂಗ್

ಮಲ್ಲೇಶ್ವರದ ಆ ಮನೆಗೆ ನನ್ನನ್ನು ಕರೆದದ್ದು ಒಲೆ ರಿಪೇರಿಗೆ ಅಲ್ಲ. "ಆರ್‌ಸಿಸಿಬಿ ಪದೇ ಪದೇ ಬೀಳ್ತಿದೆ, ಬಂದು ನೋಡಿ" ಎಂದಿದ್ದರು. ಕರೆಂಟು ಎಲ್ಲಾದರೂ ಸೋರಿದರೆ ತಾನೇ ಲೈನು ಕಡಿದುಬಿಡುವ ಸ್ವಿಚ್ಚು ಅದು. ಹೋದ ವರ್ಷವಷ್ಟೇ ಇಡೀ ಮನೆಯ ವೈರಿಂಗ್ ಹೊಸದಾಗಿ ಮಾಡಿಸಿದ್ದರು. ಗೋಡೆ ಮೇಲಿದ್ದ ಮರದ ಪಟ್ಟಿ ವೈರಿಂಗ್ ಹೋಗಿ ಪೈಪು ಬಂದಿತ್ತು. ಅಂಗಳದಲ್ಲಿ ಅರ್ತಿಂಗ್ ಗುಂಡಿ ತೆಗೆಸಿದ್ದರು. ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಕೂತಿತ್ತು. ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಅಡುಗೆಮನೆಯ ಹಳೇ ಒಲೆ ಹಚ್ಚಿದರೆ ಯಾವಾಗಲೋ ಒಮ್ಮೆ ಟಪ್ ಎಂದು ಇಡೀ ಮನೆ ಕತ್ತಲಾಗುತ್ತಿತ್ತು.

ನನಗಿಂತ ಮೊದಲು ಇಬ್ಬರು ಬಂದು ಹೋಗಿದ್ದರು. ಒಬ್ಬರು ಒಲೆಯನ್ನು ಗುಜರಿಗೆ ಹಾಕಿ ಎಂದಿದ್ದರು. ಇನ್ನೊಬ್ಬರು ಆ ಲೈನನ್ನು ಆರ್‌ಸಿಸಿಬಿಯಿಂದ ತಪ್ಪಿಸಿ ನೇರವಾಗಿ ಕೊಟ್ಟುಬಿಡೋಣ ಎಂದಿದ್ದರಂತೆ. ಮನೆಯವರು ಎರಡಕ್ಕೂ ಒಪ್ಪಿರಲಿಲ್ಲ. ಒಪ್ಪದೇ ಇದ್ದದ್ದು ಎಷ್ಟು ಒಳ್ಳೆಯದಾಯಿತು ಅನ್ನೋದು ಮುಂದೆ ಗೊತ್ತಾಗುತ್ತದೆ.

ಒಲೆ ಅಮೆರಿಕದ್ದು. ಮನೆಯೊಡತಿಯ ತಂದೆ ಅಲ್ಲಿ ಓದಿ 1950ರ ದಶಕದ ಕೊನೆಯಲ್ಲಿ ವಾಪಸ್ ಬರುವಾಗ ಹಡಗಿನಲ್ಲಿ ತಂದಿದ್ದರು. ಬಿಳಿ ಎನಾಮಲ್ ಬಾಡಿ, ಮೇಲೆ ನಾಲ್ಕು ಸುರುಳಿ ಒಲೆ, ಕೆಳಗೆ ದೊಡ್ಡ ಓವನ್, ಹಿಂದಿನ ಫಲಕದಲ್ಲಿ ಗಡಿಯಾರ. ಒಂದೊಂದು ಒಲೆಗೂ ಐದೈದು ಗುಂಡಿ. ಸರಿಸಲು ನಾಲ್ಕು ಜನ ಬೇಕು. ಬೆಂಗಳೂರಿನ ಹಳಬರಿಗೆ ಎಇಎಚ್ ಅನ್ನೋ ಮಾತು ಗೊತ್ತಿರುತ್ತದೆ. ಆಲ್ ಎಲೆಕ್ಟ್ರಿಕ್ ಹೋಮ್. ದೀಪಕ್ಕಷ್ಟೇ ಅಲ್ಲ, ಅಡುಗೆಗೆ, ಸ್ನಾನದ ನೀರಿಗೆ ಎಲ್ಲಕ್ಕೂ ಕರೆಂಟು ಬಳಸುವ ಮನೆ. ಇದು ಅಂಥ ಮನೆ. ಗ್ಯಾಸ್ ಬಂದ ಮೇಲೂ ಮನೆಯೊಡತಿಯ ತಾಯಿ ಈ ಒಲೆ ಬಿಟ್ಟಿರಲಿಲ್ಲ. ಅವರಿಗೆ ಈಗ ಎಂಬತ್ತು ದಾಟಿದೆ.

ನಾನು ಮೊದಲು ಅವರ ಹತ್ತಿರ ಕೂತು ಕೇಳಿದೆ. ಹಳೇ ಸಾಮಾನು ರಿಪೇರಿಗೆ ಬಂದರೆ ಸ್ಕ್ರೂಡ್ರೈವರ್ ತೆಗೆಯೋ ಮುಂಚೆ ಬಳಸಿದವರನ್ನು ಮಾತಾಡಿಸಬೇಕು. ಅವರ ಕೈಗೆ ಗೊತ್ತಿರುವಷ್ಟು ನಮ್ಮ ಮೀಟರಿಗೆ ಗೊತ್ತಿರುವುದಿಲ್ಲ. ಅವರು ಮೂರು ಮಾತು ಹೇಳಿದರು. ಮಳೆಗಾಲದಲ್ಲಿ ಓವನ್ ಹಚ್ಚಿದಾಗ ಬಾಡಿ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು, ಅದಕ್ಕೇ ಮರದ ಮಣೆ ಮೇಲೆ ನಿಂತು ಅಡುಗೆ ಮಾಡುತ್ತಿದ್ದರು. ಆ ಜುಮ್ ಮೊದಲ ಹತ್ತು ನಿಮಿಷ ಮಾತ್ರ, ಬಿಸಿಯಾದ ಮೇಲೆ ನಿಲ್ಲುತ್ತಿತ್ತು. ಮೂರನೆಯದು, ಐದು ಗುಂಡಿಗಳಲ್ಲಿ ಮೇಲಿನ ಎರಡೇ ಕೆಲಸ ಮಾಡೋದು, ಕೆಳಗಿನ ಮೂರು ಯಾವತ್ತೂ ಬಿಸಿಯಾಗಿಲ್ಲ. "ಅವು ಸುಮ್ನೆ ಇಟ್ಟಿರೋದು ಅಂದ್ಕೊಂಡಿದ್ದೆ" ಎಂದರು.

ಮೊದಲೆರಡು ಮಾತು ಕೇಳಿ ನನಗೆ ಕಾರಣ ಸಿಕ್ಕೇಬಿಟ್ಟಿತು ಅನ್ನಿಸಿತು. ಮೂರನೆಯದಕ್ಕೆ ನಾನು ಆಗ ಕಿವಿ ಕೊಡಲಿಲ್ಲ.

ಇಂಥ ಒಲೆಯ ಸುರುಳಿ ಹೊರಗಿಂದ ಲೋಹದ ಕೊಳವೆ. ಒಳಗೆ ನಡುಮಧ್ಯೆ ಕರೆಂಟು ಹರಿದರೆ ಕಾಯುವ ನೈಕ್ರೋಮ್ ತಂತಿ. ತಂತಿಗೂ ಕೊಳವೆಗೂ ನಡುವೆ ಮೆಗ್ನೀಷಿಯಂ ಆಕ್ಸೈಡ್ ಪುಡಿಯನ್ನು ಗಟ್ಟಿಯಾಗಿ ತುಂಬಿರುತ್ತಾರೆ. ಆ ಪುಡಿ ಬಿಸಿಯನ್ನು ಹಾಯಲು ಬಿಡುತ್ತದೆ, ಕರೆಂಟನ್ನು ತಡೆಯುತ್ತದೆ. ಆದರೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ತುದಿಯ ಸೀಲು ಹಳೆಯದಾದರೆ ತೇವ ಒಳಗೆ ಹೋಗಿ ಕರೆಂಟು ಬಾಡಿಗೆ ಸೋರುತ್ತದೆ. ಒಲೆ ಕಾದಾಗ ತೇವ ಆರಿ ಸೋರಿಕೆ ನಿಲ್ಲುತ್ತದೆ. ಅಜ್ಜಿ ಹೇಳಿದ ಹತ್ತು ನಿಮಿಷದ ಲೆಕ್ಕ ಇದೇ.

ಎಂಸಿಬಿ (ಲೋಡು ಮೀರಿದರೆ ಲೈನು ಕಡಿಯುವ ಸ್ವಿಚ್ಚು) ಇಳಿಸಿ, ಮೀಟರಿನಲ್ಲಿ ಕರೆಂಟು ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಕರೆಂಟು ಸೋರದಂತೆ ತಡೆಯುವ ಶಕ್ತಿ ಎಷ್ಟಿದೆ ಅಂತ ಅಳೆಯುವ 500 ವೋಲ್ಟಿನ ಮೆಗರ್ ಹಿಡಿದೆ. ನಾಲ್ಕು ಒಲೆಗಳೂ ಸರಿ ಇದ್ದವು. ಓವನ್ನಿನ ಕೆಳಗಿನ ಎಲಿಮೆಂಟ್, ಅಂದರೆ ಅದನ್ನು ಕಾಯಿಸುವ ಕೊಳವೆ, 0.1 ಮೆಗಾಓಮ್ ತೋರಿಸಿತು. ಕಡಿಮೆ ಅಂದರೂ 1 ಮೆಗಾಓಮ್ ಇರಬೇಕು. ಅದನ್ನು ಬಿಚ್ಚಿ ತಂದು ನನ್ನ ಅಂಗಡಿಯ ಓವನ್ನಿನಲ್ಲಿ 110 ಡಿಗ್ರಿಯಲ್ಲಿ ಆರು ಗಂಟೆ ಒಣಗಿಸಿದೆ. ಆರಿದ ಮೇಲೆ 50 ಮೆಗಾಓಮ್ ದಾಟಿತು. ತುದಿಗೆ ಹೊಸ ಸೀಲು ಹಾಕಿ ವಾಪಸ್ ಕೂರಿಸಿದೆ. ಒಲೆ ಹಚ್ಚಿ ನೀರು ಕುದಿಸಿದೆವು. ಏನೂ ಆಗಲಿಲ್ಲ. ಎಲ್ಲರಿಗೂ ಖುಷಿ. ಓವನ್ ನೋಡೋಣ ಅಂತ ಬಾಗಿಲು ತೆಗೆದೆ.

ಟಪ್. ಮನೆ ಕತ್ತಲು.

ನಾನು ಒಂದು ಸಣ್ಣ ಲೆಕ್ಕ ಮಾಡದೇ ಇದ್ದದ್ದು ಇಲ್ಲಿ ತಪ್ಪಾಯಿತು. 0.1 ಮೆಗಾಓಮ್ ಮೂಲಕ 230 ವೋಲ್ಟಿಗೆ ಸೋರುವುದು 2.3 ಮಿಲಿಆಂಪಿಯರ್. ಕೈ ಜುಮ್ ಅನ್ನಲು ಅಷ್ಟು ಸಾಕು. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೀಳಲು ಕನಿಷ್ಠ 15 ಆದರೂ ಬೇಕು. ನಾನು ಸರಿಪಡಿಸಿದ್ದು ನಿಜವಾದ ದೋಷವೇ. ಆದರೆ ಅವರು ಕರೆದದ್ದು ಬೇರೆ ದೋಷಕ್ಕೆ.

ಆಮೇಲೆ ಒಂದೊಂದಾಗಿ ಪರೀಕ್ಷೆ ಮಾಡಿದೆ. ಎಲ್ಲ ಒಲೆ ಆಫ್ ಇದ್ದಾಗ ಓವನ್ ಬಾಗಿಲು ತೆಗೆದರೆ ಏನೂ ಆಗದು. ಒಲೆ ಉರಿಯುವಾಗ ಬಾಗಿಲು ಮುಚ್ಚಿದ್ದರೂ ಏನೂ ಆಗದು. ಒಲೆ ಉರಿಯುವಾಗ ಬಾಗಿಲು ತೆಗೆದರೆ ಬೀಳುತ್ತದೆ. ಬಾಗಿಲಿನ ಚೌಕಟ್ಟಿನಲ್ಲಿ ಬೆರಳುಗುರಿನಷ್ಟು ಅಗಲದ ಒಂದು ಸಣ್ಣ ಒತ್ತುಗುಂಡಿ ಇತ್ತು. ಬಾಗಿಲು ತೆಗೆದಾಗ ಅದು ಹೊರಗೆ ಬಂದು ಓವನ್ನಿನ ಒಳಗಿನ ದೀಪ ಹತ್ತಬೇಕು, ಫ್ರಿಜ್ಜಿನ ಹಾಗೆ. ದೀಪ ಹತ್ತುತ್ತಿರಲಿಲ್ಲ. "ಅಲ್ಲಿ ದೀಪ ಇದೆ ಅಂತಾನೇ ನಮಗೆ ಗೊತ್ತಿಲ್ಲ" ಎಂದರು ಮನೆಯವರು. ಗಾಜಿನ ಮುಚ್ಚಳ ತಿರುಗಿಸಿ ತೆಗೆದೆ. ಒಳಗೆ ಬಲ್ಬು ಇತ್ತು. ಗಾಜು ಸ್ವಲ್ಪವೂ ಕಪ್ಪಾಗಿಲ್ಲ. ಅದರ ಮೇಲೆ 120 ವೋಲ್ಟ್, 40 ವಾಟ್ ಎಂದು ಬರೆದಿತ್ತು. ಫಿಲಮೆಂಟ್ ಗಟ್ಟಿಯಾಗಿಯೇ ಇತ್ತು, ಮೀಟರಿನಲ್ಲಿ 28 ಓಮ್.

ದೀಪ ಉರಿಯುವುದಿಲ್ಲ, ಆದರೂ ಅದರ ಸ್ವಿಚ್ಚು ಮುಟ್ಟಿದರೆ ಆರ್‌ಸಿಸಿಬಿ ಬೀಳುತ್ತದೆ. ಅಜ್ಜಿಯ ಮೂರನೇ ಮಾತು ನೆನಪಾದದ್ದು ಆಗ. ಕೆಳಗಿನ ಮೂರು ಗುಂಡಿಯೂ ಕೆಲಸ ಮಾಡುವುದಿಲ್ಲ. ಇವೆಲ್ಲಕ್ಕೂ ಯಾವುದೋ ಒಂದು ವೈರು ಕಾಮನ್ ಇರಲೇಬೇಕಲ್ವಾ?

ಹಿಂದಿನ ತಗಡು ಬಿಚ್ಚಿದೆವು. ಒಳಗೆ ಮೂಲೆಯಲ್ಲಿ ಹಿತ್ತಾಳೆ ಬಣ್ಣಕ್ಕೆ ತಿರುಗಿದ ಒಂದು ವೈರಿಂಗ್ ನಕ್ಷೆ ಅಂಟಿಸಿತ್ತು. ಅದರ ಪಕ್ಕದ ನಾಮಫಲಕದಲ್ಲಿ ಮೂರು ವಿಷಯ: 118/236 ವೋಲ್ಟ್, 60 ಸೈಕಲ್ (ಈಗ ಹರ್ಟ್ಜ್ ಅನ್ನುವುದು), 3 ವೈರ್. ಆ 118ಕ್ಕೂ 236ಕ್ಕೂ ನಡುವಿನ ಓರೆಗೆರೆಯಲ್ಲೇ ಪೂರ್ತಿ ಉತ್ತರ ಇತ್ತು.

ನಮ್ಮ ಮನೆಗಳಿಗೆ ಒಂದು ಫೇಸ್, ಒಂದು ನ್ಯೂಟ್ರಲ್ ಬರುತ್ತದೆ. ನಡುವೆ 230 ವೋಲ್ಟ್. ಅಮೆರಿಕದ ಮನೆಗೆ ಎರಡು ಲೈವ್ ವೈರು ಬರುತ್ತವೆ, ಜೊತೆಗೆ ಒಂದು ನ್ಯೂಟ್ರಲ್. ಎರಡು ಲೈವ್ ನಡುವೆ 240, ಒಂದು ಲೈವ್‌ಗೂ ನ್ಯೂಟ್ರಲ್‌ಗೂ ನಡುವೆ ಅದರ ಅರ್ಧ 120. ಈ ಒಲೆ ಮಾಡುವ ಕಾಲಕ್ಕೆ ಅದನ್ನೇ 236, 118 ಎಂದು ಬರೆಯುತ್ತಿದ್ದರು. ದೊಡ್ಡ ಉರಿಗೆ ಎರಡೂ ಲೈವ್. ಸಣ್ಣ ಉರಿಗೆ, ದೀಪಕ್ಕೆ, ಗಡಿಯಾರಕ್ಕೆ ಒಂದು ಲೈವ್ ಮತ್ತು ನ್ಯೂಟ್ರಲ್.

ಬಣ್ಣದ ವಿಷಯ ಇನ್ನೂ ಮುಖ್ಯ. ಅಲ್ಲಿ ಕಪ್ಪು ಲೈವ್, ಕೆಂಪೂ ಲೈವ್, ಬಿಳಿ ನ್ಯೂಟ್ರಲ್. ನಮ್ಮಲ್ಲಿ ಕಪ್ಪು ಅಂದರೆ ನ್ಯೂಟ್ರಲ್. ನಮ್ಮ ಎಲೆಕ್ಟ್ರಿಷಿಯನ್ ಕೈಗೆ ಕೆಂಪು, ಕಪ್ಪು, ಬಿಳಿ ವೈರು ಬಂದರೆ ಏನು ಮಾಡುತ್ತಾರೆ? ಕೆಂಪು ಫೇಸಿಗೆ, ಕಪ್ಪು ನ್ಯೂಟ್ರಲ್‌ಗೆ. ಅಲ್ಲಿವರೆಗೆ ಸರಿಯೇ, ದೊಡ್ಡ ಉರಿ ಚೆನ್ನಾಗಿ ಹತ್ತುತ್ತದೆ. ಉಳಿದದ್ದು ಬಿಳಿ. ಅರವತ್ತು ವರ್ಷ ಅದನ್ನು ಮಡಚಿ, ಟೇಪು ಸುತ್ತಿ ಬಿಟ್ಟಿದ್ದರು. ಹೊಸ ವೈರಿಂಗ್ ಮಾಡಿದವರು ಮೂರನೇ ವೈರು ಅಂದರೆ ಅರ್ತಿಂಗ್ ಇರಬೇಕು ಅಂತ ಅರ್ತಿಗೆ ಸೇರಿಸಿದ್ದರು. ಯಾರ ಮೇಲೂ ನನಗೆ ಬೇಸರ ಇಲ್ಲ. ಬಣ್ಣ ನೋಡಿದರೆ ಯಾರಿಗಾದರೂ ಹಾಗೇ ತೋಚುತ್ತದೆ.

ಇನ್ನೂ ಒಂದು ಕೊಂಡಿ ಇತ್ತು. ಬಿಳಿ ವೈರಿನ ಸ್ಕ್ರೂನಿಂದ ಒಲೆಯ ಬಾಡಿಗೆ ಒಂದು ಬೆರಳಗಲದ ತಾಮ್ರದ ಪಟ್ಟಿ. ಆ ಕಾಲದ ಅಮೆರಿಕದ ಒಲೆಗಳಲ್ಲಿ ನ್ಯೂಟ್ರಲನ್ನೇ ಬಾಡಿಗೆ ಸೇರಿಸಿ ಅರ್ತಿಂಗ್ ಕೆಲಸವನ್ನೂ ಅದರಿಂದಲೇ ಮಾಡಿಸುತ್ತಿದ್ದರು. ಹೊಸ ಲೈನುಗಳಿಗೆ ಅದನ್ನು ಅವರ ನಿಯಮ ನಿಲ್ಲಿಸಿದ್ದು 1996ರಲ್ಲಿ.

ಈಗ ದೀಪದ ಸರ್ಕೀಟು ನೋಡಿ. ಬಲ್ಬಿನ ಒಂದು ತುದಿ ಕಪ್ಪು ವೈರಿಗೆ, ಅಂದರೆ ನಮ್ಮ ನ್ಯೂಟ್ರಲ್‌ಗೆ. ಇನ್ನೊಂದು ತುದಿ ಬಿಳಿಗೆ, ಅಂದರೆ ಈಗ ಅರ್ತಿಗೆ. ನ್ಯೂಟ್ರಲ್‌ಗೂ ಅರ್ತಿಗೂ ನಡುವೆ ವೋಲ್ಟೇಜು ಹೆಚ್ಚೇನೂ ಇರುವುದಿಲ್ಲ, ಅದಕ್ಕೇ ಬಲ್ಬು ಹತ್ತದು. ಆದರೆ ಪೂರ್ತಿ ಸೊನ್ನೆಯೂ ಅಲ್ಲ. ಅಳತೆ ಮಾಡಿದೆ. ಒಲೆ ಆಫ್ ಇದ್ದಾಗ 0.3 ವೋಲ್ಟ್. ಒಲೆ ಉರಿಯುವಾಗ ನ್ಯೂಟ್ರಲ್ ವೈರಿನಲ್ಲಿ ಜಾಸ್ತಿ ಕರೆಂಟು ಹರಿದು ಅದು 2.4 ವೋಲ್ಟಿಗೆ ಏರುತ್ತದೆ. 28 ಓಮ್ ಬಲ್ಬಿಗೆ 0.3 ವೋಲ್ಟ್ ಕೊಟ್ಟರೆ 11 ಮಿಲಿಆಂಪಿಯರ್, ಆರ್‌ಸಿಸಿಬಿ ಸುಮ್ಮನಿರುತ್ತದೆ. 2.4 ವೋಲ್ಟಿಗೆ 86 ಮಿಲಿಆಂಪಿಯರ್. ಫೇಸಿನಲ್ಲಿ ಹೋದಷ್ಟು ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತಿಲ್ಲ, ಎಲ್ಲೋ ಸೋರುತ್ತಿದೆ ಅಂತ ಆರ್‌ಸಿಸಿಬಿ ತಕ್ಷಣ ಬೀಳುತ್ತದೆ. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು.

ಆರ್‌ಸಿಸಿಬಿ ತಪ್ಪಿಸೋಣ ಎಂದಿದ್ದ ಸಲಹೆ ನೆನೆದರೆ ನನಗೆ ಈಗಲೂ ಭಯವಾಗುತ್ತದೆ. ತಪ್ಪಿಸಿದ್ದರೆ ಈ ತಪ್ಪು ಜೋಡಣೆ ಯಾರಿಗೂ ಗೊತ್ತಾಗದೆ ಹಾಗೇ ಉಳಿಯುತ್ತಿತ್ತು. ಅರ್ತಿಂಗ್ ಇಲ್ಲದ ಹಳೇ ದಿನಗಳಲ್ಲಿ ಯಾವಾಗಲಾದರೂ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದಿದ್ದರೆ? ಓವನ್ ಬಾಗಿಲು ತೆಗೆದ ಕ್ಷಣವೇ ಆ ಬಲ್ಬಿನ ತಂತಿಯ ಮೂಲಕ ಇಡೀ ಬಾಡಿಗೆ 230 ವೋಲ್ಟ್ ಬರುತ್ತಿತ್ತು. ಬಾಗಿಲಿನ ಹಿಡಿ ಲೋಹದ್ದು. ಅಜ್ಜಿಯ ಮಣೆ ಎಷ್ಟು ದೊಡ್ಡ ಕೆಲಸ ಮಾಡಿದೆಯೋ ಏನೋ.

ಕಾರಣ ಸಿಕ್ಕಿತು. ಬಿಳಿಯನ್ನು ಅರ್ತಿಯಿಂದ ಬಿಡಿಸಿ, ಬಲ್ಬು ತೆಗೆದು, ಬಾಡಿಗೆ ಬೇರೆ ಅರ್ತ್ ಕೊಟ್ಟರೆ ಮುಗಿಯುತ್ತಿತ್ತು. ಒಂದು ಗಂಟೆಯ ಕೆಲಸ. ಆದರೆ ಕೆಳಗಿನ ಮೂರು ಗುಂಡಿ ನನ್ನನ್ನು ಬಿಡಲಿಲ್ಲ. ಚಿಕ್ಕ ಒಲೆಯೊಂದರಲ್ಲಿ ಎರಡು ಸುರುಳಿ, ತಲಾ 80 ಓಮ್. ನಕ್ಷೆ ಇಟ್ಟುಕೊಂಡು ಲೆಕ್ಕ ಹಾಕಿದೆ. ಮೊದಲ ಗುಂಡಿ: ಎರಡೂ ಸುರುಳಿಗೆ 230 ವೋಲ್ಟ್, ಸುಮಾರು 1,320 ವಾಟ್. ಎರಡನೆಯದು: ಒಂದೇ ಸುರುಳಿ, 660. ಮೂರನೆಯದು: ಎರಡೂ ಸುರುಳಿ, ಆದರೆ ಅರ್ಧ ವೋಲ್ಟೇಜು, 330. ನಾಲ್ಕನೆಯದು: ಒಂದು ಸುರುಳಿ, ಅರ್ಧ ವೋಲ್ಟೇಜು, 165. ಐದನೆಯದು: ಎರಡೂ ಸುರುಳಿ ಒಂದರ ಹಿಂದೆ ಒಂದು, ಅರ್ಧ ವೋಲ್ಟೇಜು, 83. ಗುಂಡಿ ಗುಂಡಿಗೂ ಸರಿಯಾಗಿ ಅರ್ಧರ್ಧ! ಎರಡು ಸುರುಳಿ, ಎರಡು ವೋಲ್ಟೇಜು, ಅಷ್ಟರಲ್ಲೇ ಐದು ಉರಿ. ಯಾವ ಎಲೆಕ್ಟ್ರಾನಿಕ್ಸೂ ಇಲ್ಲ. ಇಷ್ಟು ಅಚ್ಚುಕಟ್ಟಾಗಿ ಯೋಚಿಸಿ ಮಾಡಿದ ವಸ್ತುವನ್ನು ಅರ್ಧಕ್ಕೆ ಬಿಟ್ಟು ಬರಲು ಮನಸ್ಸಾಗಲಿಲ್ಲ. ಮನೆಯವರೂ ಮಾಡಿ ಎಂದರು.

ನಮ್ಮ 230ರಿಂದ ಅರ್ಧ ವೋಲ್ಟೇಜು ಪಡೆಯುವುದು ಕಷ್ಟವಲ್ಲ. ಕೆಂಪು ಮತ್ತು ಕಪ್ಪಿನ ನಡುವೆ ಒಂದೇ ಸುರುಳಿಯ ಒಂದು ಆಟೋ ಟ್ರಾನ್ಸ್‌ಫಾರ್ಮರ್ ಹಾಕಿ, ಅದರ ಸುರುಳಿಯ ಸರಿಯಾಗಿ ಮಧ್ಯದಿಂದ ತೆಗೆದ ವೈರನ್ನು ಬಿಳಿಗೆ ಕೊಡಬೇಕು. ನಾಲ್ಕೂ ಒಲೆಯ ಮೂರನೇ ಗುಂಡಿ ಒಟ್ಟಿಗೆ ಒತ್ತಿದರೂ ಬಿಳಿಯಲ್ಲಿ 15 ಆಂಪಿಯರ್ ದಾಟದು, ಟ್ರಾನ್ಸ್‌ಫಾರ್ಮರಿನ ಸುರುಳಿಯಲ್ಲಿ ಹರಿಯುವುದು ಅದರ ಅರ್ಧ. 1 ಕೆವಿಎ ಕೋರ್ ಸಾಕಾಯಿತು. ಕಾಮಾಕ್ಷಿಪಾಳ್ಯದಲ್ಲಿ ವೈಂಡಿಂಗ್ ಮಾಡುವವರೊಬ್ಬರು ಅಳತೆ ಹೇಳಿದ ಹಾಗೆ ಸುತ್ತಿಕೊಟ್ಟರು.

ಇಲ್ಲಿ ಒಂದು ವಿಷಯದಲ್ಲಿ ಚೂರೂ ತಪ್ಪಬಾರದು. ಅಮೆರಿಕದಲ್ಲಿ ಬಿಳಿ ವೈರು ಭೂಮಿಗೆ ಸೇರಿದ್ದು. ನಮ್ಮಲ್ಲಿ ಈ ಟ್ರಾನ್ಸ್‌ಫಾರ್ಮರ್ ಹಾಕಿದ ಮೇಲೆ ಅದೇ ಬಿಳಿ ಭೂಮಿಗೆ ಹೋಲಿಸಿದರೆ 115 ವೋಲ್ಟಿನಲ್ಲಿ ಇರುತ್ತದೆ. ಆ ತಾಮ್ರದ ಪಟ್ಟಿ ಹಾಗೇ ಉಳಿದರೆ ಬಾಡಿಯನ್ನೇ 115 ವೋಲ್ಟಿಗೆ ಕಟ್ಟಿದ ಹಾಗೆ. ಪಟ್ಟಿ ತೆಗೆದು ಜೇಬಿಗೆ ಹಾಕಿಕೊಂಡೆ. ಬಿಳಿಯ ಸ್ಕ್ರೂಗೂ ಬಾಡಿಗೂ ನಡುವೆ ಮೆಗರ್ ಹಿಡಿದೆ, 50 ಮೆಗಾಓಮ್ ಮೇಲಿತ್ತು. ಬಾಡಿಗೆ ಹಸಿರು ವೈರಿನಿಂದ ಪ್ರತ್ಯೇಕ ಅರ್ತ್ ಕೊಟ್ಟೆ, ಅದಕ್ಕೆ ಎನಾಮಲ್ ಕೆರೆದು ಬೆಳ್ಳಗಿನ ಲೋಹಕ್ಕೇ ಬೋಲ್ಟು ಹಾಕಿದೆ.

ಒಳಗಿನ ವೈರು ಬದಲಿಸುವುದು ಎಲ್ಲಕ್ಕಿಂತ ನಿಧಾನದ ಕೆಲಸ. ಹಳೇ ವೈರಿನ ಮೇಲೆ ಬೂದು ಬಿಳಿ ಬಣ್ಣದ, ನೂಲಿನ ಹಾಗಿರುವ ಹೊದಿಕೆ ಇತ್ತು. ಮುಟ್ಟಿದರೆ ಪುಡಿಯಾಗುತ್ತಿತ್ತು. ಆ ಕಾಲದ ಬಿಸಿ ತಡೆಯುವ ವೈರು ಅಂದರೆ ಆಸ್ಬೆಸ್ಟಾಸ್ ಅಂತಲೇ ತಿಳಿದು ನಡೆಯಬೇಕು. ಅದರ ಎಳೆ ಉಸಿರಿನಲ್ಲಿ ಹೋದರೆ ದಶಕಗಳ ನಂತರ ಶ್ವಾಸಕೋಶದ ಕಾಯಿಲೆ, ಕ್ಯಾನ್ಸರ್ ಬರಬಹುದು. ಬಟ್ಟೆ ಮಾಸ್ಕ್ ಸಾಲದು. ನಾನು ಸೂಕ್ಷ್ಮ ಧೂಳನ್ನೂ ತಡೆಯುವ ಪಿ100 ಫಿಲ್ಟರಿನ ಮಾಸ್ಕ್ ಹಾಕಿಕೊಂಡೆ. ಒಲೆಯನ್ನು ಹಿತ್ತಿಲಿಗೆ ಸಾಗಿಸಿ, ಮನೆಯವರನ್ನು ಒಳಗೆ ಕಳಿಸಿ, ಕಿಟಕಿ ಮುಚ್ಚಿಸಿದೆ. ಸೋಪು ನೀರನ್ನು ಸ್ಪ್ರೇ ಮಾಡಿ ಹೊದಿಕೆ ಪೂರ್ತಿ ನೆನೆದ ಮೇಲೆಯೇ ಕತ್ತರಿಸಿದೆ. ಉಜ್ಜಲಿಲ್ಲ, ಊದಲಿಲ್ಲ, ಪೊರಕೆ ಮುಟ್ಟಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆ ಸಮೇತ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅಪಾಯಕಾರಿ ಕಸ ತೆಗೆದುಕೊಳ್ಳುವವರಿಗೆ ಕೊಟ್ಟೆ. ಇಷ್ಟು ವ್ಯವಸ್ಥೆ ಮಾಡಲು ಆಗದಿದ್ದರೆ ದಯವಿಟ್ಟು ಇಂಥ ಒಲೆ ಬಿಚ್ಚಬೇಡಿ.

ಹೊಸ ವೈರಿಗೆ ಸಾದರ ಪತ್ರಪ್ಪ ರಸ್ತೆಗೆ ಹೋದೆ, ನಮ್ಮೆಲ್ಲರ ಬಾಯಲ್ಲಿ ಎಸ್.ಪಿ. ರೋಡು. ಮನೆಗೆ ಹಾಕುವ ಪಿವಿಸಿ ವೈರು 70 ಡಿಗ್ರಿಗೆ ಮಾಡಿದ್ದು, ಸುರುಳಿಯ ಪಕ್ಕ ಒಂದು ವಾರವೂ ಬಾಳದು. ಸುರುಳಿಗೆ ತಾಗುವ ಕಡೆಗೆಲ್ಲ ಮೈಕಾ ಮತ್ತು ಫೈಬರ್ ಗ್ಲಾಸ್ ಹೊದಿಕೆಯ ನಿಕ್ಕಲ್ ಲೇಪಿಸಿದ ತಾಮ್ರದ ವೈರು ತಂದೆ. ಗುಂಡಿಗಳ ಹಿಂದೆ, ತಂಪಾಗಿರುವ ಕಡೆ, ಸಿಲಿಕಾನ್ ವೈರು ಸಾಕು. ಬೆಸುಗೆ ಎಲ್ಲೂ ಹಾಕಲಿಲ್ಲ. ಸಾಮಾನ್ಯ ಸೀಸದ ಬೆಸುಗೆ 183 ಡಿಗ್ರಿಗೇ ಕರಗಿಬಿಡುತ್ತದೆ. ಎಲ್ಲ ಕಡೆ ನಿಕ್ಕಲ್ ಲೇಪದ ಉಕ್ಕಿನ ಲಗ್ಗು (ವೈರಿನ ತುದಿಗೆ ಹಾಕುವ ಬಳೆ), ಕ್ರಿಂಪ್ ಮಾಡಿ (ಇಕ್ಕಳದಲ್ಲಿ ಒತ್ತಿ ಹಿಡಿಸಿ) ಎಳೆದು ನೋಡಿ, ಸ್ಕ್ರೂ ಬಿಗಿದದ್ದು. ಒಂದು ವೈರು ತೆಗೆದರೆ ಅದೇ ಜಾಗಕ್ಕೆ ಒಂದು ವೈರು ಹಾಕಿ, ಆಮೇಲೆ ಮುಂದಿನದು. ಎಲ್ಲ ಒಟ್ಟಿಗೆ ಬಿಚ್ಚಿದರೆ ನಕ್ಷೆ ಇದ್ದರೂ ದಿಕ್ಕು ತಪ್ಪುತ್ತದೆ. ಮೂರು ದಿನ ಹಿಡಿಯಿತು.

ಲೈನು 6 ಚದರ ಮಿಲಿಮೀಟರ್ ತಾಮ್ರ, 32 ಆಂಪಿಯರ್ ಎಂಸಿಬಿ. ಒಲೆ, ಓವನ್ ಎಲ್ಲ ಒಟ್ಟಿಗೆ ಹಚ್ಚಿದರೆ ಮನೆಯ ಮಂಜೂರಾದ ಲೋಡು ಮೀರುತ್ತದೆ. ಓವನ್ ಜೊತೆ ಒಂದೇ ಒಲೆ ಅಂತ ಮಾತಾಯಿತು. ಬಿಳಿ ವೈರಿಗೆ ಪ್ರತ್ಯೇಕವಾಗಿ 16 ಆಂಪಿಯರ್ ಎಂಸಿಬಿ. ಒಲೆ ಮೇಲಿದ್ದ ಅಮೆರಿಕದ ಪ್ಲಗ್ ಸಾಕೆಟ್ಟಿನ ವೈರು ತೆಗೆದುಬಿಟ್ಟೆ, ಅದಕ್ಕೆ ಯಾರಾದರೂ ಏನಾದರೂ ಚುಚ್ಚುವುದು ಬೇಡ.

ಗಡಿಯಾರ ಮಾತ್ರ ಉಳಿಯಿತು. ಅದಕ್ಕೆ ವೋಲ್ಟೇಜು ಕೊಡಬಹುದು, ಆದರೆ ಅದು ಓಡುವುದು ಲೈನಿನ ಸೈಕಲ್ ಎಣಿಸಿ. 60ಕ್ಕೆ ಮಾಡಿದ್ದು ನಮ್ಮ 50ರಲ್ಲಿ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಅಜ್ಜಿಯನ್ನು ಕೇಳಿದೆ. ನಿಲ್ಲಿಸಿಬಿಡಿ ಎಂದರು. ಅದರ ವೈರು ಬಿಡಿಸಿ ತುದಿ ಮುಚ್ಚಿದೆ.

ಕೊನೆಗೆ ಕರೆಂಟು ಕೊಟ್ಟು ಅಳೆದೆ. ಕೆಂಪಿಗೂ ಕಪ್ಪಿಗೂ 231. ಕಪ್ಪಿಗೂ ಬಿಳಿಗೂ 115. ಬಾಡಿಗೂ ಅರ್ತಿಗೂ ಸೊನ್ನೆ. ಎರಡು ಒಲೆ ಪೂರ್ತಿ ಉರಿಯುವಾಗ ಓವನ್ ಬಾಗಿಲು ತೆಗೆದೆ. ಆರ್‌ಸಿಸಿಬಿ ಅಲುಗಲಿಲ್ಲ. ಓವನ್ನಿನೊಳಗೆ ದೀಪ ಹತ್ತಿತು. ಅದೇ ಹಳೇ ಬಲ್ಬು, ಹಡಗಿನಲ್ಲಿ ಬಂದದ್ದು. ಅಜ್ಜಿ ಬಗ್ಗಿ ಒಳಗೆ ನೋಡಿದರು. ಬಾಗಿಲು ಮುಚ್ಚಿ, ಮತ್ತೆ ತೆಗೆದು, ಮತ್ತೆ ನೋಡಿದರು. ಆಮೇಲೆ ಫ್ರಿಜ್ಜಿನಿಂದ ಬೆಣ್ಣೆ ತೆಗೆದು ಪಾತ್ರೆಗೆ ಹಾಕಿ, ನಾಲ್ಕನೇ ಗುಂಡಿ ಒತ್ತಿದರು. 165 ವಾಟಿನಲ್ಲಿ ಬೆಣ್ಣೆ ಕರಗಿ, ನೊರೆ ಇಳಿದು, ತುಪ್ಪವಾಗಲು ಮುಕ್ಕಾಲು ಗಂಟೆ ಹಿಡಿಯಿತು. ತಳ ಹತ್ತಲಿಲ್ಲ.

ಹಿಂದಿನ ತಗಡು ಮುಚ್ಚುವ ಮುಂಚೆ ಒಳಗಡೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆದೆ: "ಬಿಳಿ ವೈರು ಅರ್ತ್ ಅಲ್ಲ. ಬಾಡಿಗೆ ಸೇರಿಸಬೇಡಿ." ಹಳೇ ನಕ್ಷೆಯ ಪಕ್ಕ ಹೊಸ ನಕ್ಷೆ, ಟ್ರಾನ್ಸ್‌ಫಾರ್ಮರ್ ಸಮೇತ, ಕನ್ನಡದಲ್ಲಿ ಬರೆದು ಅಂಟಿಸಿದೆ. ಅಡುಗೆ ಮುಗಿದ ಮೇಲೆ ಮೇನ್ ಸ್ವಿಚ್ ಇಳಿಸಬೇಕು, ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ದಿನವಿಡೀ ಬೆಚ್ಚಗಿರುತ್ತದೆ ಎಂದು ಮನೆಯೊಡತಿಗೆ ತೋರಿಸಿಕೊಟ್ಟೆ. ಓವನ್ನಿನ ಕೆಳಗಿನ ಎಲಿಮೆಂಟಿನ ಸೀಲು ಈ ಮಳೆಗಾಲ ಹೇಗೆ ತಡೆಯುತ್ತದೋ ನೋಡಬೇಕು. ಅಕ್ಟೋಬರ್‌ನಲ್ಲಿ ಮೆಗರ್ ತೆಗೆದುಕೊಂಡು ಇನ್ನೊಮ್ಮೆ ಹೋಗುತ್ತೇನೆ.